ಪಾಯಿಂಟ್ ಎಂಟರ ಲೆಕ್ಕ

ಏಪ್ರಿಲ್ ಕೊನೆಯ ಅಹಮದಾಬಾದ್. ಹೊರಗೆ ಸಾಬರಮತಿ ದಂಡೆಯ ರಸ್ತೆಗಳಲ್ಲಿ ಕಣ್ಣು ಬಿಡಲಾಗದ ಬಿಸಿಲು. ಒಳಗೆ, ಹತ್ತು ಮೀಟರ್ ರೇಂಜಿನಲ್ಲಿ, ಇವತ್ತು ಯಾರೂ ಏರ್ ರೈಫಲನ್ನು ಭುಜಕ್ಕೇರಿಸುತ್ತಿಲ್ಲ. ಮೇಜಿಗೆ ಬೋಲ್ಟು ಹಾಕಿದ ವೈಸ್‌ನಲ್ಲಿ ಅದನ್ನು ಬಿಗಿದಿದ್ದಾರೆ. ಹೈಸ್ಕೂಲಿನ ಹುಡುಗಿಯೊಬ್ಬಳು ಡಬ್ಬಿಯಿಂದ ಪೆಲೆಟ್ ಎತ್ತಿ, ಅದರ ಹಿಂದಿನ ತೆಳು ಅಂಚು ಜಜ್ಜಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ನಳಿಗೆಗೆ ಕೂರಿಸುತ್ತಾಳೆ. ಟಪ್. ಮತ್ತೊಂದು. ಟಪ್.

ಹತ್ತು ಮುಗಿದಾಗ ಕಾಗದದಲ್ಲಿರುವುದು ಒಂದೇ ತೂತು, ಅಂಚು ಅಲ್ಲಲ್ಲಿ ಹರಿದದ್ದು. ಕೋಚ್ ವರ್ನಿಯರ್ ಹಿಡಿದು ಈ ತುದಿಯಿಂದ ಆ ತುದಿಗೆ ಅಳೆಯುತ್ತಾರೆ: 5.6 ಮಿ.ಮೀ. ಪೆಲೆಟ್ಟಿನ ದಪ್ಪ 4.5. ಕಳೆದರೆ 1.1. ಅತಿ ದೂರ ಬಿದ್ದ ಎರಡು ಹೊಡೆತಗಳ ನಡುವಿನ ಅಂತರ ಅಷ್ಟೇ. ಇನ್ನೊಂದು ಡಬ್ಬಿಯ ಪೆಲೆಟ್‌ಗಳು ಅದೇ ರೈಫಲ್‌ನಲ್ಲಿ 2.3 ಕೊಡುತ್ತವೆ. ಎರಡರ ಮೇಲೂ ಒಂದೇ ಕಂಪನಿಯ ಹೆಸರು. ಆದರೆ ಬ್ಯಾಚ್ ಬೇರೆ. ತಲೆಯ ಅಳತೆಯಲ್ಲೂ ಒಂದು 4.49, ಇನ್ನೊಂದು 4.50.

“ದೀಕರಾ (ಮಗೂ), ನಿನ್ನ ಕೈಯನ್ನು ಆಮೇಲೆ ನೋಡೋಣ, ಮೊದಲು ಇದು ಏನು ಹೇಳುತ್ತೆ ಕೇಳು,” ಅನ್ನುತ್ತಾರೆ ಕೋಚ್.

ಇಷ್ಟು ಸೂಕ್ಷ್ಮ ಬೇಕೇ ಎನ್ನುವವರು ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಬೇಕು. ಕಡಲೂರಿನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬೆಳೆದ ಶೂಟರ್ ಇಳವೇನಿಲ್ ವಾಲರಿವನ್ 2024ರ ಜುಲೈನಲ್ಲಿ ಹತ್ತು ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನ 60 ಹೊಡೆತಗಳಿಗೆ ಗಳಿಸಿದ್ದು 630.7. ಸರಾಸರಿ 10.5. ಆದರೂ ಹತ್ತನೇ ಸ್ಥಾನ. ಫೈನಲ್‌ಗೆ ಹೋಗುವುದು ಎಂಟೇ ಮಂದಿ. 631.5 ಗಳಿಸಿದ ರಮಿತಾ ಜಿಂದಾಲ್ ಐದನೆಯವರು. ನಡುವಿನ ಅಂತರ 0.8. ಈ ಗುರಿಫಲಕದಲ್ಲಿ ನಡುಚುಕ್ಕಿಯಿಂದ ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. ಅಂದರೆ ಐದನೇ ಸ್ಥಾನಕ್ಕೂ ಹತ್ತನೇ ಸ್ಥಾನಕ್ಕೂ ಇದ್ದದ್ದು, ಅರವತ್ತೂ ಹೊಡೆತ ಸೇರಿಸಿ, ಎರಡು ಮಿಲಿಮೀಟರ್. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಬದುಕುವ ಮಕ್ಕಳಿಗೆ ಯಾವ ತಪ್ಪು ತಮ್ಮದು, ಯಾವುದು ಕಬ್ಬಿಣದ್ದು ಎಂದು ತಿಳಿದಿರಲೇಬೇಕು. ತಿಳಿಯದಿದ್ದರೆ ಕೆಟ್ಟ ಡಬ್ಬಿಯ ದೋಷಕ್ಕೆ ಒಳ್ಳೆಯ ನಿಲುವನ್ನು ತಿದ್ದಿ ಕೆಡಿಸಿಕೊಳ್ಳುತ್ತಾರೆ.

ಅವಸರದವರು ಮೂರು ಹೊಡೆದು ತೀರ್ಪು ಕೊಡುತ್ತಾರೆ. ಮೂರು ಹೊಡೆತ ಮುದ್ದಾಗಿ ಒಂದೆಡೆ ಬೀಳುವುದು ಅದೃಷ್ಟವೂ ಇರಬಹುದು. ಅದೇ ರೈಫಲ್, ಅದೇ ಪೆಲೆಟ್ ಇದ್ದರೂ ಹತ್ತು ಹೊಡೆತದ ಗುಂಪು ಮೂರರದ್ದಕ್ಕಿಂತ ಸರಾಸರಿ ಒಂದೂವರೆ ಪಟ್ಟು ಅಗಲವಾಗುತ್ತದೆ. ಹಾಗಾಗಿ ಹತ್ತು, ಮತ್ತೆ ಹತ್ತು. ರೈಫಲನ್ನು ಮೇಜಿನ ಆಸರೆಯ ಮೇಲಿಟ್ಟು ಹೊಡೆಯುವ ಬೆಂಚ್‌ರೆಸ್ಟ್‌ನ ಕೆಲವು ಸ್ಪರ್ಧೆಗಳಲ್ಲಂತೂ ಈ ಗುಂಪಿನ ಅಳತೆಯೇ ಗೆಲುವು ಸೋಲು.

ಗುಂಪು ಅಗಲವಾದರೆ ತಿದ್ದುವುದಕ್ಕೂ ಒಂದು ಕ್ರಮವಿದೆ. ನಳಿಗೆಯನ್ನು ರೈಫಲ್ಲಿನ ಹಿಡಿಕೆಗೆ ಬಿಗಿಯುವ ಸ್ಕ್ರೂ ಸಡಿಲವೇ? ಸಿಲಿಂಡರಿನಲ್ಲಿ ಗಾಳಿ ಸಾಕಷ್ಟಿದೆಯೇ? ನಳಿಗೆಯಲ್ಲಿ ಸೀಸದ ಮಸಿ ಕೂತಿದ್ದರೆ ಫೆಲ್ಟ್ ತುಂಡು ಹಾಯಿಸಿ ಒರೆಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಮತ್ತೆ ಹತ್ತು ಹೊಡೆದು ನೋಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ರೈಫಲ್ ಸರಿಹೋದರೂ ಏಕೆ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅಲ್ಲಿ ಕಾಯಿ ಸಿಡಿದರೆ ಊರೆಲ್ಲ ಚಪ್ಪಾಳೆ, ಎಲ್ಲಿ ತಗುಲಿತು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಬೇಕಾದ್ದು ಬೇರೆಯೇ ಶಿಸ್ತು: ಹೊಡೆದ ಜಾಗಕ್ಕೇ ಮತ್ತೆ ಹೊಡೆಯುವುದು.

ಹುಡುಗಿ 5.6ರ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಅಳತೆ ಬರೆದು, ಬ್ಯಾಚ್ ನಂಬರನ್ನು ಪುಸ್ತಕಕ್ಕೆ ಇಳಿಸುತ್ತಾಳೆ. ಅದೇ ನಂಬರಿನ ಡಬ್ಬಿಗಳು ಎಷ್ಟು ಸಿಗುತ್ತವೋ ಅಷ್ಟನ್ನೂ ತೆಗೆದಿಡಬೇಕು, ಪಂದ್ಯಕ್ಕೆ ಮಾತ್ರ. ಕೋಚ್ ವೈಸ್ ಸಡಿಲಿಸುತ್ತಾರೆ. ಅವಳು ಸೀಸ ಮುಟ್ಟಿದ ಕೈ ತೊಳೆದು ಬಂದು ದಪ್ಪ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುತ್ತಾಳೆ. ಪ್ಯಾರಿಸ್ಸಿನ ಮರುವರ್ಷ, 2025ರ ಆಗಸ್ಟ್‌ನಲ್ಲಿ, ಇಳವೇನಿಲ್ ಕಜಕಸ್ತಾನದ ಶಿಮ್ಕೆಂಟ್‌ನ ಫೈನಲ್‌ನಲ್ಲಿ 253.6 ಗಳಿಸಿ ಏಷ್ಯನ್ ಚಾಂಪಿಯನ್ ಆದರು. ಈ ಹುಡುಗಿಗೆ ಆ ಅಂಕ ಬಾಯಿಪಾಠ.