ರೇಷ್ಮೆಯ ಹಂದರ, ಮಾಯುವ ಗಾಯ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ರೈತನಿಗೆ ಗಾಯಕ್ಕೆ ಕಟ್ಟುವ ಬಟ್ಟೆಯೆಂದರೆ ಹತ್ತಿಯೇ. ಅದು ರಕ್ತವನ್ನು ಹೀರುತ್ತದೆ, ಧೂಳನ್ನು ತಡೆಯುತ್ತದೆ. ಆದರೆ ಹತ್ತಿಯ ನಾರಾದ ಸೆಲ್ಯುಲೋಸನ್ನು ಕರಗಿಸುವ ಕಿಣ್ವ ಮನುಷ್ಯದೇಹದಲ್ಲಿಲ್ಲ. ಗಾಯದೊಳಗೆ ಸಿಕ್ಕಿಕೊಂಡ ಎಳೆ ಪರಕೀಯ ವಸ್ತುವಾಗಿಯೇ ಉಳಿಯುತ್ತದೆ. ಇದೇ ಜಿಲ್ಲೆಯ ಹಿಪ್ಪುನೇರಳೆ ತೋಟಗಳನ್ನು ನಂಬಿದ ರೇಷ್ಮೆಯ ಗುಣ ಬೇರೆ. ಅದು ಪ್ರೋಟೀನು. ದೇಹವು ಅದನ್ನು ನಿಧಾನವಾಗಿ ಅರಗಿಸಿಕೊಳ್ಳಬಲ್ಲದು.

ಅಂಗಾಂಶ ಎಂಜಿನಿಯರಿಂಗ್ ಎಂಬ ಹೊಸ ಶಾಸ್ತ್ರಕ್ಕೆ ಬೇಕಾದುದು ಈ ಗುಣವೇ. ಹೀರೇಬಳ್ಳಿಗೆ ಹಂದರ ಹಾಕುವಂತೆ, ಚರ್ಮವೋ ಮೂಳೆಯೋ ನಷ್ಟವಾದೆಡೆ ಸೂಕ್ಷ್ಮ ರಂಧ್ರಗಳ ಹಂದರವೊಂದನ್ನು ಇಡುತ್ತಾರೆ. ಜೀವಕೋಶಗಳು ಅದನ್ನು ಹಿಡಿದು ಹಬ್ಬುತ್ತವೆ. ರಂಧ್ರಗಳೊಳಗೆ ರಕ್ತನಾಳಗಳು ಇಳಿಯುತ್ತವೆ. ಹೊಸ ಅಂಗಾಂಶ ನಿಂತಂತೆ ಹಂದರ ಕರಗುತ್ತದೆ. ಬೇಗ ಕರಗಿದರೆ ಬಳ್ಳಿ ಬೀಳುತ್ತದೆ, ಕರಗದೆ ಉಳಿದರೆ ಅದೇ ಕಂಟಕ. 1981ರಲ್ಲಿ ಅಮೆರಿಕದ ಬರ್ಕ್ ಮತ್ತು ಯಾನಸ್ ಅವರು ಸುಟ್ಟಗಾಯದವರಿಗೆ ಹೊದಿಸಿದ ಕೃತಕ ಚರ್ಮದ ಒಳಪದರ ಇಂಥದೇ. ಅದು ದನದ ಕೊಲಾಜೆನ್ ಹಾಗೂ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ದ್ರವ್ಯದಿಂದ ಆದುದು.

ರೇಷ್ಮೆಯ ಹಂದರ ಮಾಡುವ ಬಗೆ ಕುತೂಹಲಕರವಾಗಿದೆ. ಗೂಡನ್ನು ಕತ್ತರಿಸಿ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಟ್ಟುಹೋಗುತ್ತದೆ. ಉಳಿಯುವುದು ಸುಮಾರು ಮುಕ್ಕಾಲು ಪಾಲಿನಷ್ಟು ಫೈಬ್ರಾಯಿನ್. ಅದನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ತೆಗೆದು, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು ಸಿದ್ಧ. ಆಲ್ಕೋಹಾಲಿನ ಹದ ಕೊಟ್ಟ ಮೇಲೆ ಅದು ನೀರಿಗೆ ಕರಗದು. ನೂಲು ಬಿಚ್ಚುವ ಅಗತ್ಯವಿಲ್ಲವಾದ್ದರಿಂದ, ಚಿಟ್ಟೆ ತಾನಾಗಿ ಹೊರಬಂದ ತೂತುಗೂಡೂ ಇದಕ್ಕೆ ಸಲ್ಲುತ್ತದೆ. ಪ್ರಾಣಿಹಿಂಸೆಗೆ ಅಂಜುವವರಿಗೆ ಇದು ಸಮಾಧಾನದ ಮಾತು. ಆದರೂ ಮಾರುಕಟ್ಟೆಯ ಎಲ್ಲ ಸರಕೂ ಹಾಗೆಯೇ ತಯಾರಾಗುತ್ತದೆಂದು ಭಾವಿಸಲಾಗದು.

ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನು ತಯಾರಿಸುತ್ತಿದೆ. ಪಟ್ಟಿಯೇ ಬೇರೆ, ಜೀವಕೋಶ ತುಂಬಿ ಬೆಳೆಸಿದ ಅಂಗಾಂಶವೇ ಬೇರೆ. ಜಾಹೀರಾತಿನ ಭರದಲ್ಲಿ ಈ ಭೇದ ಮರೆಯಬಾರದು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡು, ಬರಿಗಾಲಿನಲ್ಲಿ ಹೊಲಕ್ಕೆ ಹೋಗಿ ಹುಣ್ಣು ಮಾಡಿಕೊಂಡವರಿಗೆ ಎಂಥ ಹಂದರವೂ ಒಂದೇ ಫಲಿಸದು. ರಕ್ತದ ಸಕ್ಕರೆ ಹತೋಟಿಗೆ ಬರಬೇಕು, ಕಾಲಿಗೆ ರಕ್ತ ಹರಿಯಬೇಕು, ಹುಣ್ಣಿನ ಮೇಲೆ ಭಾರ ಬೀಳಬಾರದು. ಬೆಂಕಿ ತಗುಲಿದಾಗಲೂ ಮೊದಲ ಔಷಧಿ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟೂ ಅಲ್ಲ, ಶಾಯಿಯೂ ಅಲ್ಲ.

ದೊಡ್ಡ ಸುಟ್ಟಗಾಯಕ್ಕೆ ಇಂದಿಗೂ ಬಹಳವಾಗಿ ಬೇಕಾದುದು ದಾನದ ಚರ್ಮ. ನಮಗೆ ಸಮೀಪದ ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿ ಚರ್ಮನಿಧಿಯಿದೆ. ಮರಣಾನಂತರ ಸುಮಾರು 6 ಗಂಟೆಯೊಳಗೆ ತೊಡೆ, ಬೆನ್ನುಗಳಿಂದ ತೆಳುವಾದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ಮುಖ ವಿಕಾರವಾಗದು, ದೇಹವನ್ನು ಎಂದಿನಂತೆ ಸಮಾಧಿ ಮಾಡಬಹುದು. ಆ ಚರ್ಮ ಕೆಲವು ವಾರ ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ರೋಗಿಯ ಸ್ವಂತ ಚರ್ಮವನ್ನು ಕಸಿ ಮಾಡಲು ವೈದ್ಯರಿಗೆ ಕಾಲಾವಕಾಶ ದೊರೆಯುತ್ತದೆ.