ಗಿಟಾರಿನ ಜೊತೆ ಕೋಣೆಯೂ ಹಾಡುತ್ತದೆ

ಟೈಲ್ಸ್ ನೆಲ, ಸಿಮೆಂಟ್ ಗೋಡೆಯ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಚಪ್ಪಾಳೆ ಮುಗಿದ ಮೇಲೂ ‘ಟ್ರ್‌ರ್’ ಎಂಬ ಸಣ್ಣ ಬಾಲ ಉಳಿಯುತ್ತದೆ. ದಿನವಿಡೀ ಅದೇ ಕೋಣೆಯಲ್ಲಿ ಮಾತಾಡಿದರೂ ನಮಗದು ಕೇಳಿಸದು. ಎರಡು ಕಿವಿಗಳ ಸುದ್ದಿಯನ್ನು ಹೋಲಿಸಿ, ಗೋಡೆಯಿಂದ ಮರಳಿದ ಸದ್ದನ್ನು ಮಿದುಳು ಹಿಂದೆ ಸರಿಸಿಬಿಡುತ್ತದೆ. ಮೈಕಿಗೆ ಆ ಜಾಣ್ಮೆ ಇಲ್ಲ. ಗಿಟಾರ್ ಹಿಡಿದು ಹಾಡಿ ರೆಕಾರ್ಡ್ ಮಾಡಿದರೆ ದನಿ ಬಚ್ಚಲುಮನೆಯಿಂದ ಬಂದಂತೆ ಕೇಳುವುದು ಇದಕ್ಕೇ. ದುಬಾರಿ ಮೈಕ್ ಕೊಂಡರೆ ಗೋಡೆಯ ಸದ್ದೂ ಇನ್ನಷ್ಟು ಸ್ಪಷ್ಟವಾಗಿ ಬೀಳುತ್ತದೆ, ಅಷ್ಟೆ.

1895ರಲ್ಲಿ ಹಾರ್ವರ್ಡ್‌ನ ಯುವ ಅಧ್ಯಾಪಕ ವ್ಯಾಲೇಸ್ ಸೇಬಿನ್‌ಗೆ ಇಂಥದೇ ಕಗ್ಗಂಟು ಎದುರಾಯಿತು. ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು 5 ಸೆಕೆಂಡು ಮೀರಿ ಮೊಳಗುತ್ತಿತ್ತು. ಸೇಬಿನ್ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ತಂದು ಹರವಿ, ಆರ್ಗನ್ ಕೊಳವೆ ನುಡಿಸಿ, ನಾದ ಅಡಗಲು ಎಷ್ಟು ಹೊತ್ತು ಬೇಕೆಂದು ಕಿವಿಗೊಟ್ಟು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಮೊಳಗು ತಗ್ಗಿತು.

ನಮ್ಮ ಮನೆಗಳಲ್ಲಿ ಮೆತ್ತೆಯ ಕೆಲಸಕ್ಕೆ ಕೌದಿ ಇದೆ. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ದಪ್ಪ ಕೌದಿಯನ್ನು ಹಾಡುವವರ ಬೆನ್ನ ಹಿಂದೆ ಹಗ್ಗಕ್ಕೆ ನೇತುಹಾಕಿ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್ ನೋಡುವುದು ಆ ಕಡೆಗೇ. ಗೋಡೆಗೆ ಅಂಟಿಸಬೇಡಿ, ಒಂದಡಿ ಬಿಡಿ. ಗೋಡೆಗೆ ತಾಗಿದ ಗಾಳಿ ಅಲುಗಾಡಲಾರದು. ತುಸು ದೂರದಲ್ಲಿ ಅದು ಹಿಂದೆಮುಂದೆ ತೂಗುತ್ತ ನೂಲಿನೆಳೆಗಳಿಗೆ ಉಜ್ಜಿ, ಸದ್ದಿನ ಶಕ್ತಿ ಶಾಖವಾಗಿ ಕರಗುತ್ತದೆ. ಮೊಟ್ಟೆಯ ಟ್ರೇಗಳ ಮೇಲಿನ ನಂಬಿಕೆ ಮಾತ್ರ ಬಿಡಿ. ತೆಳು ರಟ್ಟು ಹೀರುವುದು ತೀರಾ ಕಡಿಮೆ.

ಮಂದ್ರದ ಮುಂದೆ ಕೌದಿಯೂ ಸೋಲುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82, ಅಲೆಯ ಉದ್ದ 4 ಮೀಟರಿಗೂ ಹೆಚ್ಚು. ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಇರುವ ಕೋಣೆ ಎಲ್ಲಕ್ಕಿಂತ ಕಷ್ಟದ್ದು: ಮೂರೂ ದಿಕ್ಕಿನಲ್ಲಿ ಅದೇ 56, ಅದೇ 112ರ ಕಂಪನ ಗುಮ್ಮೆನ್ನುತ್ತದೆ. 112 ಎಂದರೆ ಐದನೆಯ ತಂತಿಯ 110ರ ಮಗ್ಗುಲಲ್ಲೇ! ಕುರ್ಚಿಯನ್ನು ಮೂಲೆಯಿಂದಲೂ ನಟ್ಟನಡುವಿನಿಂದಲೂ ತಪ್ಪಿಸಿ, ಎರಡಡಿ ಸರಿಸಿ ಸರಿಸಿ ನುಡಿಸಿ ಕೇಳುವುದೇ ಮದ್ದು.

ದನಿಗೊಂದು, ಗಿಟಾರಿಗೊಂದು ಮೈಕ್ ಇಟ್ಟರೆ ಒಂದರ ಸದ್ದು ಇನ್ನೊಂದಕ್ಕೂ ತಡವಾಗಿ ತಲುಪುತ್ತದೆ. 34 ಸೆಂಟಿಮೀಟರ್ ಹೆಚ್ಚು ದೂರ ಎಂದರೆ 1 ಮಿಲಿಸೆಕೆಂಡು ತಡ. ಎರಡನ್ನೂ ಬೆರೆಸಿದಾಗ 500ರ ಆಸುಪಾಸಿನ ಕಂಪನಗಳು ಒಂದನ್ನೊಂದು ಅಳಿಸಿ ದನಿ ಟೊಳ್ಳಾಗುತ್ತದೆ. ಅದಕ್ಕೇ ನನಗೆ ಒಂದೇ ಮೈಕ್ ಇಷ್ಟ. ಎದೆಯ ಎತ್ತರಕ್ಕೆ, ಒಂದೂವರೆ ಅಡಿ ದೂರದಲ್ಲಿಡಿ. ದನಿ ಸೊರಗಿದರೆ ನಾಲ್ಕು ಬೆರಳು ಮೇಲಕ್ಕೇರಿಸಿ, ಗಿಟಾರ್ ಅಡಗಿದರೆ ಅಷ್ಟೇ ಇಳಿಸಿ.