ದುರ್ಯೋಧನ ಕಾಲು ಹಿಡಿಯಂಗಿಲ್ಲ

ನನ್ನ ರೂಮ್‌ಮೇಟ್ ಒಂದು ರಾತ್ರಿ ಮೆಸ್‌ಗೆ ಊಟಕ್ಕೆ ಬರಲಿಲ್ಲ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತೇನೋ, ಮನೆಯಿಂದ ಏನಾದರೂ ಸುದ್ದಿ ಬಂತೇನೋ ಅಂತ ಗಾಬರಿಯಾಗಿ ನಾಲ್ಕು ಚಪಾತಿ ಕಟ್ಟಿಸಿಕೊಂಡು ರೂಮಿಗೆ ಹೋದೆ. ಆಸಾಮಿ ಮೊಬೈಲ್ ಹಿಡಿದುಕೊಂಡು ಮುಖ ಊದಿಸಿ ಕೂತಿದ್ದ. ಸಿಟ್ಟು ಯಾರ ಮೇಲೆ ಅಂದರೆ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಮಾಡುವವರ ಮೇಲೆ!

‘ಇಪ್ಪತ್ತು ವರ್ಷದ ಸಂಸಾರನ ಹಿಂಗ ಅಳಿಸಿ ಹಾಕ್ತಾರೇನಲೇ?’ ಅಂದ.

ವಿಷಯ ಇಷ್ಟು. ಪೀಟರ್ ಪಾರ್ಕರ್‌ಗೂ ಮೇರಿ ಜೇನ್‌ಗೂ ಕಾಮಿಕ್ಸ್‌ನಲ್ಲಿ ಮದುವೆಯಾದದ್ದು 1987ರಲ್ಲಿ. 2007ರಲ್ಲಿ ಗುಂಡೇಟು ತಿಂದ ಅತ್ತೆಯ ಜೀವ ಉಳಿಸಲು ಪೀಟರ್ ಒಂದು ಪಿಶಾಚಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅತ್ತೆ ಬದುಕುತ್ತಾಳೆ, ಬದಲಿಗೆ ಆ ಮದುವೆ ನಡೆದೇ ಇರಲಿಲ್ಲ ಎಂಬಂತೆ ಅಳಿಸಿಹೋಗುತ್ತದೆ. ಡೈವೋರ್ಸ್ ಕೂಡ ಅಲ್ಲ, ನೆನಪೇ ಇಲ್ಲ! ಆ ಸಂಚಿಕೆ ಬಂದಾಗ ನಾವಿಬ್ಬರೂ ಅಂಗನವಾಡಿ ಮೆಟ್ಟಿಲೂ ಹತ್ತಿರಲಿಲ್ಲ. ಇವನು ಅದನ್ನು ಓದಿ ಮುಗಿಸಿದ್ದು ಮಾತ್ರ ಅವತ್ತು ಸಂಜೆ. ಹಾಗಾಗಿ ಅವನ ಪಾಲಿಗೆ ಅದು ಅವತ್ತಿನ ಸುದ್ದಿಯೇ.

ನಾನು ಬಿದ್ದು ಬಿದ್ದು ನಕ್ಕೆ. ಕಾಗದದ ಮೇಲಿನ ಗಂಡ ಹೆಂಡತಿಗಾಗಿ ಉಪವಾಸ ಕೂರುವವನನ್ನು ಕಂಡು ಬಾಗಳಿಯ ರೈತನ ಮಗ ಇನ್ನೇನು ಮಾಡಬೇಕು? ಅವನು ನಗಲಿಲ್ಲ. ಚಪಾತಿ ತಿನ್ನುತ್ತಾ ಒಂದು ತಾಸು ಪಾಠ ಮಾಡಿದ. ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಕೇಳಿದ್ದಕ್ಕಿಂತ ಅದೇ ನನಗೆ ಚೆನ್ನಾಗಿ ನೆನಪಿದೆ.

ಬ್ಯಾಟ್‌ಮನ್‌ನ ಶಿಷ್ಯ ರಾಬಿನ್ ಗೊತ್ತಲ್ಲ, ಆ ವೇಷ ಹಾಕಿದ ಎರಡನೇ ಹುಡುಗನ ಹೆಸರು ಜೇಸನ್ ಟಾಡ್. ಓದುಗರಲ್ಲಿ ತುಂಬಾ ಜನಕ್ಕೆ ಅವನ ಒರಟುತನ ಹಿಡಿಸಿರಲಿಲ್ಲ. 1988ರಲ್ಲಿ ಕಂಪನಿಯವರು ಎರಡು ಫೋನ್ ನಂಬರ್ ಕೊಟ್ಟು, ಇವನು ಬದುಕಬೇಕೋ ಸಾಯಬೇಕೋ ನೀವೇ ಹೇಳಿ ಅಂದರು. ಒಂದು ಕರೆಗೆ 50 ಸೆಂಟ್. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ಕರೆಗಳ ಅಂತರದಲ್ಲಿ ಒಬ್ಬ ಹುಡುಗ ಹೋದ. ನಮ್ಮ ಪಂಚಾಯ್ತಿ ಎಲೆಕ್ಷನ್‌ನಲ್ಲೂ ಇಂಥ ಅಂತರ ಬಂದರೆ ಮರುಎಣಿಕೆ ಕೇಳುತ್ತಾರೆ! 1992ರಲ್ಲಿ ಸೂಪರ್‌ಮ್ಯಾನ್ ಸತ್ತಾಗ ಪುಸ್ತಕದ ಜೊತೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿಯನ್ನೂ ಇಟ್ಟು ಮಾರಿದರು, ಮರುವರ್ಷ ಅವನನ್ನು ಎಬ್ಬಿಸಿ ಕೂರಿಸಿದರು. ಹಾಲ್ ಜೋರ್ಡನ್ ಎಂಬ ಗ್ರೀನ್ ಲ್ಯಾಂಟರ್ನ್ 1994ರಲ್ಲಿ ಇದ್ದಕ್ಕಿದ್ದ ಹಾಗೆ ಕೊಲೆಗಡುಕನಾದಾಗ ಅವನ ಅಭಿಮಾನಿಗಳು ಸಂಘವನ್ನೇ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. ಹತ್ತು ವರ್ಷದ ಮೇಲೆ ಅವನು ಮತ್ತೆ ಹೀರೋ ಆಗಿ ಬಂದ.

ಇದ್ದುದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕ್ಯಾಪ್ಟನ್ ಅಮೆರಿಕಾನ ಕಥೆ. ಅವನನ್ನು ಹುಟ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಹಿಟ್ಲರನ ಮುಖಕ್ಕೆ ಗುದ್ದುತ್ತಿದ್ದಾನೆ. ಆಗಿನ್ನೂ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಅಂಥವನ ಬಾಯಿಂದ 2016ರಲ್ಲಿ ‘ಹೈಡ್ರಾಗೆ ಜೈ’ ಎಂದು ಹೇಳಿಸಿಬಿಟ್ಟರು. ಹೈಡ್ರಾ ಅಂದರೆ ಆ ಕಥೆಗಳಲ್ಲಿ ನಾಜಿಗಳ ನಂಟಿನ ದುಷ್ಟರ ಪಡೆ. ಅಂದರೆ ಇಷ್ಟು ವರ್ಷ ಅವನು ಒಳಗೊಳಗೇ ಶತ್ರುಗಳ ಕಡೆಯವನು ಅಂತ. ಓದುಗರು ಕೆರಳಿ ಕೆಂಡವಾದರು. ಆಮೇಲೆ ಕಥೆಯಲ್ಲಿ ಅದಕ್ಕೆ ಏನೋ ಒಂದು ಮಾಯೆಯ ಕಾರಣ ಕೊಟ್ಟರು, ಅದು ಬೇರೆ ಮಾತು.

‘ಲೇ, ಅದು ಅವರ ಪಾತ್ರ, ಅವರು ಬರೀತಾರ. ನಿಂದೇನೈತಿ ಅದರಾಗ?’ ಅಂದು ನಾನು ಹೊದ್ದು ಮಲಗಿದೆ. ಈ ಮಾತಿಗೆ ಉತ್ತರ ಬಂದದ್ದು ಎರಡು ತಿಂಗಳ ಮೇಲೆ, ಅದೂ ನಮ್ಮ ಮನೆಯ ಕಟ್ಟೆಯಿಂದ.

ನಮ್ಮೂರ ಕಡೆ ದೊಡ್ಡಾಟ ಅಂದರೆ ಹರಪನಹಳ್ಳಿ, ಹಡಗಲಿ, ಕೊಟ್ಟೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಸುಗ್ಗಿ ಮುಗಿದ ಮೇಲೆ ಊರವರೇ ಬಣ್ಣ ಹಚ್ಚಿ, ಕಿರೀಟ ಭುಜಕೀರ್ತಿ ಕಟ್ಟಿ, ರಾತ್ರಿಯಿಡೀ ಆಡುವ ಆಟ ಅದು. ಹಿಂದೆ ಭಾಗವತರು, ಮದ್ದಳೆ, ತಾಳ. ಪಾತ್ರ ಅಟ್ಟದ ಮೇಲೆ ಬಂದ ಕೂಡಲೇ ಸಾರಥಿ ಎದುರು ನಿಂತು ‘ತಾವು ಯಾರು, ಯಾವ ದೇಶದವರು’ ಎಂದು ವಿಚಾರಿಸುತ್ತಾನೆ. ಎದುರು ಕೂತ ಅಷ್ಟೂ ಜನಕ್ಕೆ ಅವನು ಯಾರೆಂಬುದು ಗೊತ್ತು. ಆದರೂ ಅವನ ಬಾಯಿಂದಲೇ ಕೇಳಬೇಕು. ನಮ್ಮಜ್ಜ ಇಪ್ಪತ್ತೈದು ವರ್ಷ ದುರ್ಯೋಧನನ ಪಾರ್ಟು ಮಾಡಿದವನು. ಈಗಲೂ ಹರಪನಹಳ್ಳಿ ಸಂತೆಗೆ ಹೋದರೆ ಹಳಬರು ‘ಏನ್ ಕೌರವೇಶಾ, ಆರಾಮಾ?’ ಅಂತಲೇ ಮಾತಾಡಿಸುತ್ತಾರೆ. ಮಂಡಿನೋವು ಬಂದ ಮೇಲೆ ಕಿರೀಟ ಕೆಳಗಿಟ್ಟ.

ಈ ವರ್ಷ ಏಳು ವರ್ಷಗಳ ನಂತರ ಓಣಿಯ ಹುಡುಗರು ‘ಗದಾಯುದ್ಧ’ ಆಡೋಣ ಅಂತ ಎದ್ದರು. ಮಾಸ್ತರರ ಕಾಲದ ನೋಟುಬುಕ್ಕಿನ ಹಾಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ‘ನೀನು ಎಂಜಿನಿಯರು, ಇದನ್ನ ಟೈಪ್ ಮಾಡಿ ಸಣ್ಣದು ಮಾಡಪಾ. ಬೆಳತನಕ ಕೂರೋರು ಯಾರದಾರ ಈಗ? ಹತ್ತು ಗಂಟೆ ಮೇಲೆ ಮೈಕಿಗೂ ತಕರಾರು’ ಅಂತ ನನ್ನ ಕೈಗೆ ಕೊಟ್ಟರು. ಮೂರನೇ ವರ್ಷದ ಬಿಇ ಓದುವವನನ್ನು ಊರು ಎಂಜಿನಿಯರ್ ಎಂದು ಕರೆದರೆ ಏನೇನು ಅನಾಹುತ ಆಗಬಹುದು ಎಂಬುದಕ್ಕೆ ಮುಂದಿನದೇ ಸಾಕ್ಷಿ.

ಸಣ್ಣದು ಮಾಡಿದ್ದಷ್ಟೇ ಆಗಿದ್ದರೆ ಅಜ್ಜ ಸುಮ್ಮನಿರುತ್ತಿದ್ದನೇನೋ. ನಾನು ಕಥೆಗೆ ಕೈ ಹಾಕಿದೆ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾ ತಮ್ಮನನ್ನೂ ಕರ್ಣನನ್ನೂ ನೆನೆದು ಅಳುವ ಭಾಗ ಮುಕ್ಕಾಲು ಗಂಟೆ ಇತ್ತು. ಪೂರ್ತಿ ತೆಗೆದೆ. ಭೀಮನಿಗೆ ಒಂದು ಮಾಸ್ ಎಂಟ್ರಿ ಬರೆದೆ. ಕೊಳದ ದೃಶ್ಯ ಸಪ್ಪೆ ಅನಿಸಿತು. ಜನ ನಗಲಿ ಅಂತ, ನೀರಿನಿಂದ ಎದ್ದ ದುರ್ಯೋಧನ ‘ಭೀಮಣ್ಣಾ, ತಪ್ಪಾತು’ ಅಂತ ಕಾಲು ಹಿಡಿದು, ಭೀಮ ಆ ಕಡೆ ತಿರುಗಿದ ಕೂಡಲೇ ಓಡಲು ನೋಡುವ ಹಾಗೆ ಮಾಡಿದೆ. ತಾಲೀಮಿನಲ್ಲಿ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎರಡು ಕೋಡು.

ಮೂರನೇ ದಿನದ ತಾಲೀಮಿಗೆ ಅಜ್ಜ ಕೋಲೂರಿಕೊಂಡು ಬಂದ. ಕೊಳದ ದೃಶ್ಯದವರೆಗೆ ತುಟಿ ಬಿಚ್ಚಲಿಲ್ಲ. ದುರ್ಯೋಧನ ಬಗ್ಗಿದ ನೋಡಿ, ಎದ್ದು ನಿಂತ.

‘ದುರ್ಯೋಧನ ಕಾಲು ಹಿಡಿಯಂಗಿಲ್ಲ.’

ಅಷ್ಟೇ. ಬೈಯಲಿಲ್ಲ, ಬಡಿಯಲಿಲ್ಲ, ಮನೆಗೆ ಹೋದ. ನನ್ನ ಹತ್ತಿರ ಹನ್ನೊಂದು ದಿನ ಮಾತಾಡಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿ ಬೇಕಾದರೂ ನನ್ನ ಪಕ್ಕದಲ್ಲಿದ್ದ ತಂಗಿಯನ್ನು ಕೇಳುತ್ತಿದ್ದ. ಅಮ್ಮ ‘ಒಂದು ಆಟಕ್ಕ ಇಷ್ಟು ಹಟ ಏನು ಮಾವಾ’ ಅಂದಳು. ಅವಳ ಧಾರಾವಾಹಿಯಲ್ಲಿ ನಾಯಕಿಯ ಪಾತ್ರಕ್ಕೆ ಬೇರೆ ಹುಡುಗಿ ಬಂದಾಗ ಎರಡು ವಾರ ಟಿವಿಗೆ ಬೆನ್ನು ಮಾಡಿ ಕೂತವಳು ಅವಳೇ. ನಾನು ನೆನಪಿಸಲಿಲ್ಲ, ಮನೆಯಲ್ಲಿ ಮಾತಾಡುವವರ ಸಂಖ್ಯೆ ಇನ್ನೂ ಕಮ್ಮಿ ಆಗುವುದು ಬೇಡ ಅಂತ.

ಸಿಟ್ಟಿನಲ್ಲಿ ನಾನೂ ವಾದ ಹುಡುಕಿದೆ. ಪಾತ್ರ ಬದಲಿಸಿದ ಮೊದಲಿಗ ನಾನೇನಲ್ಲವಲ್ಲ! ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಕೊಟ್ಟ. ಐವರ ಹೆಂಡತಿಯ ಕಥೆ ಅಲ್ಲಿಲ್ಲ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣನೇ ಒಳಗಿನಿಂದ ಬದಲಾಗುತ್ತಾನೆ. ಇನ್ನು ದುರ್ಯೋಧನನನ್ನೇ ತೆಗೆದುಕೊಂಡರೆ, ರನ್ನ. ಇದು ನಮ್ಮೂರಿಗೂ ಹತ್ತಿರದ ಮಾತು. ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನ ಸುಮಾರು 987ರದು, ಚಾಲುಕ್ಯ ಚಕ್ರವರ್ತಿ ತೈಲಪ ಆಹವಮಲ್ಲನ ಕಾಲದ್ದು. ಅದೇ ತೈಲಪ ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು. ನಾವು ಸಣ್ಣವರಿದ್ದಾಗ ಕಣ್ಣಾಮುಚ್ಚಾಲೆ ಆಡಿದ ಆ ಕಂಬಗಳೂ ‘ಗದಾಯುದ್ಧ’ವೂ ಒಂದೇ ಓಣಿಯ ಗೆಳೆಯರಿದ್ದ ಹಾಗೆ. ರನ್ನ ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಹೀರೋ ಭೀಮ, ರೊಕ್ಕ ಕೊಡುವ ದೊರೆಯೂ ಭೀಮ. ಆದರೆ ಓದಿ ಮುಗಿಸುವಾಗ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುವ, ಕರ್ಣನ ಮುಂದೆ ಕರಗಿಹೋಗುವ ದುರ್ಯೋಧನ. ಕೊಳದಲ್ಲಿ ಅಡಗಿದವನು ಭೀಮನ ಮೂದಲಿಕೆ ತಾಳಲಾರದೆ ಎದ್ದು ಬರುತ್ತಾನೆ. ಸಾವು ಖಾತ್ರಿ ಅಂತ ಗೊತ್ತಿದ್ದೂ ಬರುತ್ತಾನೆ. ಬಿ.ಎಂ.ಶ್ರೀ. ಅದನ್ನೇ ಗ್ರೀಕ್ ದುರಂತ ನಾಟಕದ ಹಾದಿಯಲ್ಲಿ ನಾಟಕ ಮಾಡಿದರು.

ಹನ್ನೆರಡನೇ ದಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಮುಂದೆ ಇದೆಲ್ಲ ಒದರಿದೆ. ‘ರನ್ನ ಬದಲಿ ಮಾಡಬಹುದು, ನಾನು ಮಾಡಬಾರದಾ?’ ಅಂದೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಮಾಡು, ಬ್ಯಾಡ ಅಂದೋರ್ಯಾರು? ರನ್ನ ಅವನ್ನ ದೊಡ್ಡಾವನ್ನ ಮಾಡಿದ. ನೀನು ಸಣ್ಣಾವನ್ನ ಮಾಡೀದಿ. ನಾನು ಆ ಕಿರೀಟ ಹೊತ್ತು ಎಷ್ಟು ಊರಾಗ ಸತ್ತೀನಿ ತಮ್ಮಾ. ಒಂದು ಊರಾಗೂ ಹೆದರಿ ಸತ್ತಿಲ್ಲ.’

ರೂಮ್‌ಮೇಟ್‌ನ ಪಾಠ ಆಗ ನೆನಪಾಯಿತು. ಜನ ಕೆರಳಿದ ಜಾಗಗಳನ್ನು ನೋಡಿ. ಹಾಲ್ ಜೋರ್ಡನ್, ಕ್ಯಾಪ್ಟನ್ ಅಮೆರಿಕಾ. ಎರಡೂ ಕಡೆ ಪಾತ್ರ ಸತ್ತದ್ದಕ್ಕಲ್ಲ, ಇಷ್ಟು ವರ್ಷ ಅದನ್ನು ನಂಬಿದ್ದೇ ದಡ್ಡತನ ಎನ್ನುವಂತೆ ಮಾಡಿದ್ದಕ್ಕೆ ಸಿಟ್ಟು. ಪೀಟರ್‌ನ ಮದುವೆಯದೂ ಅದೇ. ಅವನ ಜೊತೆ ಬೆಳೆದು ಮದುವೆಯಾಗಿ ಮಕ್ಕಳಾದ ಓದುಗರಿಗೆ ‘ಅದೆಲ್ಲ ಆಗೇ ಇಲ್ಲ’ ಅಂದರೆ ಹೇಗಿರುತ್ತದೆ?

ಹಾಗಂತ ಅಭಿಮಾನಿಗಳು ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. 2011ರಲ್ಲಿ ಮೈಲ್ಸ್ ಮೊರಾಲೆಸ್ ಎಂಬ ಕಪ್ಪು ಹುಡುಗ ಸ್ಪೈಡರ್‌ಮ್ಯಾನ್ ವೇಷ ತೊಟ್ಟಾಗಲೂ ಗದ್ದಲ ಎದ್ದಿತ್ತು. ಅದರಲ್ಲಿ ಪಾತ್ರದ ಪ್ರೀತಿಗಿಂತ ಬಣ್ಣದ ಅಸಹನೆ ಕಡಿಮೆಯೇನಿರಲಿಲ್ಲ. ಅದೇ ಮೈಲ್ಸ್‌ನ ಸಿನಿಮಾ 2023ರಲ್ಲಿ ಕನ್ನಡದಲ್ಲೂ ಬಂತು, ಅದರಲ್ಲಿ ಪವಿತ್ರ ಪ್ರಭಾಕರ್ ಎಂಬ ನಮ್ಮ ದೇಶದ ಸ್ಪೈಡರ್‌ಮ್ಯಾನೂ ಇದ್ದ. ಪೀಟರ್‌ನ ದೇಹದಲ್ಲಿ ಶತ್ರುವಿನ ಮನಸ್ಸು ಸೇರಿಸಿದ ಬರಹಗಾರನಿಗೆ 2012ರಲ್ಲಿ ಕೊಲೆ ಬೆದರಿಕೆಗಳೇ ಬಂದವು. ಇದಕ್ಕೆ ಪ್ರೀತಿ ಅನ್ನುವುದು ಹೇಗೆ? ನಮ್ಮಜ್ಜನೂ ಹಿಂದೆ ಒಮ್ಮೆ, ದ್ರೌಪದಿ ಪಾರ್ಟಿಗೆ ಗಂಡಸಿನ ಬದಲು ಹೆಣ್ಣುಮಗಳನ್ನು ಕರೆಸಿದಾಗ ಬಣ್ಣ ಹಚ್ಚಲ್ಲ ಅಂತ ಕೂತಿದ್ದನಂತೆ. ಆಟ ಮುಗಿದ ಮೇಲೆ ಆ ಕಲಾವಿದೆಗೆ ಮೊದಲ ನೋಟು ಪಿನ್ ಹಚ್ಚಿಸಿದವನೂ ಅವನೇ. ಈ ಮಾತನ್ನು ಅವನ ಮುಂದೆ ಎತ್ತಿದೆ. ‘ಅದು ತಪ್ಪಾಗಿತ್ತು’ ಅಂದ, ಎಲೆ ಬಾಯಿಗೆ ಹಾಕಿಕೊಂಡ. ಇದು ತಪ್ಪಲ್ಲ ಅಂತ ಹೇಳಬೇಕಾಗಿರಲಿಲ್ಲ.

ಆದರೆ ಆಟಕ್ಕೆ ಉಳಿದದ್ದು ಎರಡೇ ದಿನ. ಹುಡುಗರು ಹೊಸ ಮಾತನ್ನು ಬಾಯಿಪಾಠ ಮಾಡಿಯಾಗಿತ್ತು. ಹಾಗೇ ಆಡಿದೆವು. ಭೀಮನ ಎಂಟ್ರಿಗೆ ಸೀಟಿ ಬಿತ್ತು, ಮೊಬೈಲ್ ಲೈಟುಗಳು ಎದ್ದವು. ಕೊಳದ ದೃಶ್ಯಕ್ಕೆ ಹಿಂದೆ ನಿಂತ ಹುಡುಗರು ಕೇಕೆ ಹಾಕಿದರು. ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಹಳಬರು ನಗಲೂ ಇಲ್ಲ, ಬೈಯಲೂ ಇಲ್ಲ. ಒಬ್ಬೊಬ್ಬರೇ ಟವೆಲ್ ಕೊಡವಿಕೊಂಡು ಎದ್ದರು. ಒಬ್ಬಳು ಮುದುಕಿ ಹೋಗುತ್ತಾ ನನ್ನನ್ನು ನಿಲ್ಲಿಸಿ, ‘ದುರ್ಯೋಧನ ತಮ್ಮನ್ನ ನೆನೆಸಿ ಅಳೋದು ಯಾವಾಗ ಬರ್ತತಪಾ? ನಾ ಅದಕ್ಕ ಕುಂತಿದ್ದೆ’ ಅಂದಳು. ಅವಳ ತಮ್ಮ ಹೋದ ವರ್ಷ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಬರಲ್ಲ ಅಜ್ಜಿ, ಟೈಮ್ ಇರಲಿಲ್ಲ ಅಂತ ತೆಗೆದೆ ಅನ್ನಲು ಬಾಯಿ ಬರಲಿಲ್ಲ. ಅಜ್ಜ ಬಂದಿರಲಿಲ್ಲ. ಆದರೆ ಮೈಕಿನ ದನಿ ನಮ್ಮ ಮನೆಯ ಕಟ್ಟೆಯವರೆಗೂ ಕೇಳುತ್ತದೆ.

ಹಾಸ್ಟೆಲ್‌ಗೆ ವಾಪಸಾದ ಮೇಲೆ ರೂಮ್‌ಮೇಟ್‌ಗೆ ಎಲ್ಲ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ‘ಈಗ ಗೊತ್ತಾತಾ?’ ಅಂತಲೂ ಅನ್ನಲಿಲ್ಲ. ‘ಆ ಮುಕ್ಕಾಲು ಗಂಟೆಯ ಮಾತು ಎಲ್ಲೈತಿ ಈಗ?’ ಅಂತ ಕೇಳಿದ. ಅದೇ ಕಷ್ಟ. ನಾನು ಆ ಭಾಗ ಟೈಪ್ ಮಾಡಿರಲೇ ಇಲ್ಲ. ನೋಟುಬುಕ್ಕಿನ ಆ ಹಾಳೆಗಳು ತಾಲೀಮಿನ ಗದ್ದಲದಲ್ಲಿ ಎಲ್ಲಿ ಹೋದವೋ, ಯಾರಿಗೂ ಗೊತ್ತಿಲ್ಲ.

ಈಗ ಎರಡು ವಾರಕ್ಕೊಮ್ಮೆ ಶನಿವಾರ ಬಸ್ಸು ಹತ್ತುತ್ತೇನೆ. ಅಜ್ಜ ಹೇಳುತ್ತಾನೆ, ನಾನು ಮೊಬೈಲ್‌ನ ವಾಯ್ಸ್ ಟೈಪಿಂಗ್ ಆನ್ ಮಾಡಿ ಹಿಡಿಯುತ್ತೇನೆ. ಅಜ್ಜ ‘ಗದೆ’ ಅಂದರೆ ಅದು ‘ಗದ್ದೆ’ ಎಂದು ಬರೆಯುತ್ತದೆ. ಭೀಮನೂ ದುರ್ಯೋಧನನೂ ಗದ್ದೆ ಎತ್ತಿಕೊಂಡು ಹೊಡೆದಾಡುತ್ತಾರೆ. ಓದಿ ಹೇಳಿದಾಗ ಅಜ್ಜ ನಕ್ಕ, ಆಟದ ನಂತರ ಮೊದಲ ಸಲ. ದುಃಖದ ಮಾತು ಅವನಿಗೆ ಸುಮ್ಮನೆ ಕೂತರೆ ನೆನಪಿಗೆ ಬರುವುದಿಲ್ಲ. ಎದ್ದು ನಿಲ್ಲಬೇಕು, ಕೈಯಲ್ಲಿ ಕೋಲು ಇರಬೇಕು, ನಾನು ಸಾರಥಿಯಾಗಿ ಎದುರು ನಿಂತು ಕೇಳಬೇಕು. ಮಂಡಿ ನೋಯುವುದರಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಆಗುವುದಿಲ್ಲ. ಹೋದ ಶನಿವಾರದ ಹೊತ್ತಿಗೆ ಕರ್ಣನ ಹೆಣದವರೆಗೆ ಬಂದಿದ್ದೇವೆ. ದುಶ್ಶಾಸನನದು ಇನ್ನೂ ಬಾಕಿ ಇದೆ.